ಸಂಸ್ಥೆಗೂ ಮನಸ್ಸಾಕ್ಷಿ ಉಂಟೇ?



ಬಲಿಪೂಜೆಗೆ ಬೇಕಾದ ದ್ರಾಕ್ಷಾರಸವನ್ನು ತರಿಸುವಾಗ ಯಾವ ಧರ್ಮಕೇಂದ್ರವೂ ಮೂರು ಕಡೆಯಿಂದ ಕೊಟೇಶನ್ ಪಡೆದು ಎಲ್ಲಕ್ಕಿಂತ ಅಗ್ಗವಾದುದನ್ನು ಆರಿಸುವುದಿಲ್ಲ. ಅದು ದ್ರಾಕ್ಷಿಯಿಂದಲೇ ತೆಗೆದದ್ದಾಗಿರಬೇಕು, ಕೆಟ್ಟಿರಬಾರದು ಎಂದು ಶ್ರೀಸಭೆಯ ಕಾನೂನು ಸಂಹಿತೆಯ 924ನೇ ನಿಯಮ ವಿಧಿಸುತ್ತದೆ. ರೊಟ್ಟಿ ಬರೀ ಗೋಧಿಯದಾಗಿರಬೇಕು, ಇತ್ತೀಚೆಗೆ ಮಾಡಿದ್ದಾಗಿರಬೇಕು. ಮೇಣದ ಬತ್ತಿಯ ವಿಷಯದಲ್ಲಿ 1904ರಲ್ಲಿ ರೋಮಿನಿಂದ ಒಂದು ತೀರ್ಪೇ ಬಂದಿತ್ತು: ಪಾಸ್ಖ ಬತ್ತಿಯಲ್ಲೂ ಪೂಜೆಯ ಎರಡು ಬತ್ತಿಗಳಲ್ಲೂ ಬಹುಪಾಲು ಜೇನುಮೇಣವೇ ಇರಬೇಕು. ಇಂದು ಆ ಕಟ್ಟು ಸಡಿಲವಾಗಿದೆ. ಆದರೂ ಪಾಸ್ಖ ಜಾಗರಣೆಯ ರಾತ್ರಿ ಹಾಡುವ ಘೋಷಣೆಯ ಲತೀನ್ ಮೂಲದಲ್ಲಿ ಆ ಮೇಣವನ್ನು ಮಾಡಿಕೊಟ್ಟ ಜೇನುನೊಣದ ನೆನಪು ಈಗಲೂ ಇದೆ. ಕೊಂಡು ತಂದ ಒಂದು ವಸ್ತುವನ್ನು ಬೆಳಗಿಸುವಾಗ, ಅದನ್ನು ಮಾಡಿದ ಜೀವಿಯನ್ನು ದೇವರ ಮುಂದೆ ನೆನೆಯುವುದು ಸಣ್ಣ ಮಾತಲ್ಲ.

ಅಂದರೆ ಬೆಲೆಯೊಂದನ್ನೇ ನೋಡದೆ ಕೊಳ್ಳುವುದು ಹೇಗೆಂದು ಶ್ರೀಸಭೆಗೆ ಬಹಳ ಕಾಲದಿಂದ ಗೊತ್ತಿದೆ. ಆದರೆ ಅದೇ ಧರ್ಮಕೇಂದ್ರ, ಅದೇ ವಾರ, ಹಬ್ಬದ ಊಟದ ತಟ್ಟೆ ಲೋಟಗಳನ್ನು ಕೊಳ್ಳಲು ಕುಳಿತಾಗ ಈ ತಿಳಿವಳಿಕೆ ಎಲ್ಲಿ ಹೋಗುತ್ತದೆ? ಮೂರು ಕೊಟೇಶನ್, ಕಡಿಮೆ ದರ, ರುಜು. ಬಲಿಪೀಠದ ಖರೀದಿಗೆ ಒಂದು ಲೆಕ್ಕ, ಊಟದ ಪಂಕ್ತಿಯ ಖರೀದಿಗೆ ಇನ್ನೊಂದು ಲೆಕ್ಕ.

ಈಗ ಎಲ್ಲ ಕಡೆ ‘ಸುಸ್ಥಿರ ಖರೀದಿ’ ಎಂಬ ಮಾತು ಕೇಳಿಬರುತ್ತಿದೆ. ಹೆಸರು ದೊಡ್ಡದಾದರೂ ವಿಷಯ ಸರಳ. ಈ ವಸ್ತು ಎಲ್ಲಿಂದ ಬಂತು, ಇದನ್ನು ಮಾಡಿದವರ ಕೈಗೆ ಏನು ಸಿಕ್ಕಿತು, ಬಳಸಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳನ್ನೂ ಬೆಲೆಯ ಜೊತೆಗೆ ಕೇಳಿ ಕೊಳ್ಳುವುದು. ಮನೆಯಲ್ಲಿ ಒಬ್ಬ ತಾಯಿ ಹೀಗೆ ಕೇಳಿ ಕೊಂಡರೆ ಅದು ಆಕೆಯ ಮನಸ್ಸಾಕ್ಷಿ ಎನ್ನುತ್ತೇವೆ. ಆದರೆ ಒಂದು ಶಾಲೆ, ಆಸ್ಪತ್ರೆ, ಕಾರ್ಖಾನೆ, ನಗರಪಾಲಿಕೆ ಅಥವಾ ಧರ್ಮಕೇಂದ್ರ ಹೀಗೆ ಕೇಳುವಂತೆ ಮಾಡುವುದು ಯಾವುದು? ಸಂಸ್ಥೆಗೆ ಕಟ್ಟಡ ಉಂಟು, ಸೀಲು ಉಂಟು, ಬ್ಯಾಂಕಿನಲ್ಲಿ ಖಾತೆ ಉಂಟು. ಮನಸ್ಸಾಕ್ಷಿ ಉಂಟೇ?

ನನ್ನ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಪಾಲಕ ಸಂತರ ಹಬ್ಬಕ್ಕೆ ಊಟದ ತಟ್ಟೆ ಬೇಕಾಗಿತ್ತು. ಒಂದು ಕಡೆ ಅಡಿಕೆ ಹಾಳೆಯ ತಟ್ಟೆ, ಇನ್ನೊಂದು ಕಡೆ ಬೆಳ್ಳಿ ಬಣ್ಣದ ಲೇಪವಿರುವ ಪೇಪರ್ ತಟ್ಟೆ. ತಟ್ಟೆಯೊಂದಕ್ಕೆ ಎರಡು ರೂಪಾಯಿಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ. ಊಟಕ್ಕೆ ಸಾವಿರಕ್ಕೂ ಮೇಲೆ ಜನ. ಖಜಾಂಚಿಯವರು ಲೆಕ್ಕ ಹಾಕಿ ಹೇಳಿದರು. “ಇದು ಪ್ಲಾಸ್ಟಿಕ್ ಅಲ್ಲ ಸ್ವಾಮಿ, ಪೇಪರ್ರು” ಎಂದು ಮಾರುವವರೂ ಹೇಳಿದರು. ಲೇಪ ಏನೆಂದು ನಾನು ಕೇಳಲಿಲ್ಲ. ಕೇಳದಿದ್ದರೆ ಅನುಕೂಲವಾಗಿತ್ತು. ರುಜು ಹಾಕಿದೆ.

ಮುಂದಿನ ಭಾನುವಾರ ಪೂಜೆಯ ಬಳಿಕ ನಮ್ಮ ಧರ್ಮಕೇಂದ್ರದವರೇ ಆದ ಒಬ್ಬ ತಾಯಿ ಬಂದರು. ಅವರು ಪೌರಕಾರ್ಮಿಕರು. ಜಗಳವಾಡುವ ದನಿಯೇನೂ ಇರಲಿಲ್ಲ. “ನಿಮ್ಗೆ ಹಬ್ಬ ಭಾನುವಾರಕ್ಕೇ ಮುಗೀತು ಸ್ವಾಮಿ. ನಮ್ಗೆ ಸೋಮವಾರನೂ ಇತ್ತು” ಎಂದರು. ಊಟ ಅಂಟಿಕೊಂಡ ಆ ತಟ್ಟೆಗಳನ್ನು ಹಸಿ ಕಸದಲ್ಲೂ ಹಾಕುವಂತಿರಲಿಲ್ಲ, ಒಣ ಕಸದಲ್ಲೂ ಹಾಕುವಂತಿರಲಿಲ್ಲ. ಮೂಟೆ ಕಟ್ಟಿ ಸಾಗಿಸಿದವರು ಅವರು ಮತ್ತು ಅವರ ಜೊತೆಯವರು. ನಾನು ಏನೋ ಸಮಾಧಾನ ಹೇಳಿ ಕಳುಹಿಸಿದೆ.

ಅವರು ಸಮಾಧಾನವಾಗಲಿಲ್ಲ. ಮರುವರ್ಷ ಹಬ್ಬದ ನವದಿನ ಆರಂಭವಾಗುವ ಒಂದು ತಿಂಗಳು ಮೊದಲೇ, ಪ್ರತಿ ಭಾನುವಾರ ಬಾಗಿಲ ಬಳಿ ನಿಂತು ಒಂದೇ ಪ್ರಶ್ನೆ: “ಈ ಸಲ ಏನು ತಟ್ಟೆ ಸ್ವಾಮಿ?” ಮೊದಲ ವಾರ ನಕ್ಕೆ. ಎರಡನೆಯ ವಾರ “ನೋಡೋಣಮ್ಮ” ಎಂದೆ. ಮೂರನೆಯ ವಾರ ಪಕ್ಕದ ಬಾಗಿಲಿನಿಂದ ಹೊರಗೆ ಹೋದೆ. ನಾಲ್ಕನೆಯ ವಾರ ಪಕ್ಕದ ಬಾಗಿಲಲ್ಲೂ ಅವರೇ ನಿಂತಿದ್ದರು. ಆ ವರ್ಷ ಅಡಿಕೆ ಹಾಳೆಯ ತಟ್ಟೆ ಬಂತು.

ಲೂಕನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯ ನಿಮಗೆ ಆಗಲೇ ನೆನಪಾಗಿರಬೇಕು. ದೇವರಿಗೂ ಹೆದರದ, ಮನುಷ್ಯರಿಗೂ ಬೆಲೆ ಕೊಡದ ನ್ಯಾಯಾಧೀಶ. ಬಿಡದೆ ಬಂದು ಬಾಗಿಲು ತಟ್ಟುವ ವಿಧವೆ. ಕೊನೆಗೆ ಆತ ನ್ಯಾಯ ಕೊಡುತ್ತಾನೆ. ಆದರೆ ಅವನ ಮನಸ್ಸೇನೂ ಕರಗುವುದಿಲ್ಲ. ಕಾಟ ತಪ್ಪಲಿ ಎಂದು ಕೊಡುತ್ತಾನೆ. ಯೇಸುಸ್ವಾಮಿ ಈ ಸಾಮತಿಯನ್ನು ಹೇಳಿದ್ದು ಪ್ರಾರ್ಥನೆಯ ಬಗ್ಗೆ, ನಿಜ. ಆದರೆ ಮನಸ್ಸಾಕ್ಷಿಯಿಲ್ಲದ ಒಂದು ಕುರ್ಚಿಯಿಂದಲೂ ಬಡವರಿಗೆ ನ್ಯಾಯ ಹೊರಡಬಹುದು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಎಷ್ಟೋ ಸಲ ಈ ಸಾಮತಿಯ ಮೇಲೆ ಪ್ರಸಂಗ ಮಾಡಿದ್ದೇನೆ. ಆಗೆಲ್ಲ ನಾನು ವಿಧವೆಯ ಪಕ್ಷದಲ್ಲಿದ್ದೇನೆ ಎಂದುಕೊಂಡಿದ್ದೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಇಮ್ಯಾನುಯೆಲ್ ಕ್ಯಾಂಟ್‌ನ ಒಂದು ಉದಾಹರಣೆಯ ಮೇಲೆ ನಾವು ಗಂಟೆಗಟ್ಟಲೆ ವಾದ ಮಾಡಿದ್ದುಂಟು. 1785ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಆತ ಒಬ್ಬ ಅಂಗಡಿಯವನನ್ನು ತರುತ್ತಾನೆ. ಸಾಮಾನು ಕೊಳ್ಳಲು ಬಂದ ಸಣ್ಣ ಮಗುವಿಗೂ ಅವನು ಮೋಸ ಮಾಡುವುದಿಲ್ಲ, ಎಲ್ಲರಿಗೂ ಒಂದೇ ಬೆಲೆ. ಏಕೆ? ಹಾಗಿದ್ದರೆ ಗಿರಾಕಿಗಳು ಹೆಚ್ಚುತ್ತಾರೆ. ಕೆಲಸ ಸರಿಯಾದದ್ದೇ, ಆದರೆ ಲಾಭಕ್ಕಾಗಿ ಮಾಡಿದ್ದರಿಂದ ಅದಕ್ಕೆ ನೈತಿಕ ಬೆಲೆಯಿಲ್ಲ ಎನ್ನುತ್ತಾನೆ ಕ್ಯಾಂಟ್. ಆಗ ನಾನು ತಲೆದೂಗಿದ್ದೆ. ಈಗ ಧರ್ಮಕೇಂದ್ರದ ಲೆಕ್ಕಪತ್ರ ನೋಡುವ ವಯಸ್ಸಿನಲ್ಲಿ ಬೇರೆ ಪ್ರಶ್ನೆ ಮೂಡುತ್ತದೆ: ಆ ಮಗುವನ್ನು ಯಾರಾದರೂ ಕೇಳಿದರೇ? ಅದಕ್ಕೆ ಚಿಲ್ಲರೆ ಸರಿಯಾಗಿ ಸಿಕ್ಕಿತು. ನಮ್ಮ ಪೌರಕಾರ್ಮಿಕ ತಾಯಿಗೂ ಸೋಮವಾರದ ಹೊರೆ ಇಳಿಯಿತು. ನಾನು ಪ್ರೀತಿಯಿಂದ ಇಳಿಸಿದೆನೋ ಮುಜುಗರದಿಂದ ಇಳಿಸಿದೆನೋ ಎಂಬುದು ಅವರ ಬೆನ್ನಿಗೆ ಗೊತ್ತಾಗುವುದಿಲ್ಲ.

ಹೊರಗಿನ ಲೋಕದಲ್ಲೂ ಸಂಸ್ಥೆಗಳು ಸಾಮಾನ್ಯವಾಗಿ ಹೀಗೇ ಬದಲಾಗುತ್ತವೆ. 1983ರಲ್ಲಿ ಡಿಮ್ಯಾಜಿಯೊ ಮತ್ತು ಪವೆಲ್ ಎಂಬ ಅಮೆರಿಕದ ಇಬ್ಬರು ಸಮಾಜಶಾಸ್ತ್ರಜ್ಞರು, ಸಂಸ್ಥೆಗಳೆಲ್ಲ ಕಾಲಕ್ರಮದಲ್ಲಿ ಒಂದರಂತೆ ಒಂದು ನಡೆಯತೊಡಗುವುದು ಏಕೆಂದು ವಿಚಾರಿಸಿದರು. ಮೇಲಿನವರ ಒತ್ತಾಯ, ಪಕ್ಕದವರನ್ನು ನೋಡಿ ಮಾಡುವ ಅನುಕರಣೆ, ಒಂದೇ ವೃತ್ತಿಯಲ್ಲಿ ತರಬೇತಾದವರು ತಮ್ಮೊಡನೆ ತರುವ ಪದ್ಧತಿ ಎಂಬುದು ಅವರು ಕಂಡುಕೊಂಡ ಉತ್ತರ. ಅಲ್ಲಿ ಭಕ್ತಿಗೆ ದೊಡ್ಡ ಜಾಗವೇನೂ ಇಲ್ಲ.

ನಮ್ಮ ಧರ್ಮಪ್ರಾಂತ್ಯದೊಳಗೇ ಇರುವ ಕೊಡಗಿನ ಕಾಫಿ ತೋಟಗಳನ್ನು ನೋಡಿ. ಅಲ್ಲಿ ಹಲವು ತೋಟಗಳ ಗೇಟಿನಲ್ಲಿ ರೇನ್‌ಫಾರೆಸ್ಟ್ ಅಲೈಯನ್ಸ್‌ನಂಥ ಪ್ರಮಾಣಪತ್ರದ ಫಲಕ ಕಾಣುತ್ತದೆ. ನೆರಳಿನ ಮರಗಳನ್ನು ಉಳಿಸಬೇಕು, ಮಕ್ಕಳಿಂದ ದುಡಿಸಬಾರದು, ಔಷಧಿ ಹೊಡೆಯುವವರಿಗೆ ರಕ್ಷಣೆಯ ಉಡುಪು ಕೊಡಬೇಕು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಕೊಳೆನೀರನ್ನು ಹಾಗೇ ತೊರೆಗೆ ಬಿಡಬಾರದು ಎಂದೆಲ್ಲ ಅದರ ಕಟ್ಟಳೆ. ಇವುಗಳಲ್ಲಿ ಹಲವು ನಮ್ಮ ದೇಶದ ಕಾನೂನಿನಲ್ಲಿ ಮೊದಲಿನಿಂದಲೂ ಇದ್ದವು. ಆದರೆ ಯೂರೋಪಿನಲ್ಲಿ ಕಾಫಿ ಕೊಳ್ಳುವ ಕಂಪನಿ ಕೇಳತೊಡಗಿದಾಗ ಅವಕ್ಕೆ ಬೇರೆಯೇ ಬಲ ಬಂತು. ಆ ಕಂಪನಿ ಕೇಳಿದ್ದಾದರೂ ಏಕೆ? ಅಲ್ಲಿನ ಗಿರಾಕಿಗಳು ಕೇಳಿದರು, ಪತ್ರಿಕೆಗಳು ಬರೆದವು, ಅಂಗಡಿಯ ಹೆಸರು ಕೆಡುವ ಭಯವಾಯಿತು. ಈಗ ಯೂರೋಪಿನ ಒಕ್ಕೂಟ 2023ರಲ್ಲಿ ಇನ್ನೊಂದು ಕಾನೂನನ್ನೇ ಮಾಡಿದೆ. 2020ರ ಡಿಸೆಂಬರ್ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ತೋಟ ಭೂಪಟದಲ್ಲಿ ಎಲ್ಲಿದೆ ಎಂಬುದನ್ನೂ ತೋರಿಸಬೇಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ. ಸಣ್ಣ ಬೆಳೆಗಾರರಿಗೆ ಕಾಗದಪತ್ರದ ಹೊರೆ ಬಿದ್ದಿರುವುದೂ ನಿಜ, ಅದನ್ನು ಮರೆಯಬಾರದು.

ಆದರೆ ಇದನ್ನೂ ಯೋಚಿಸಿ. ಕೊಡಗಿನ ತೊರೆಗಳು ಕಾವೇರಿಗೆ ಸೇರುತ್ತವೆ, ಕಾವೇರಿ ಕನ್ನಂಬಾಡಿಗೆ ಬರುತ್ತದೆ, ಅಲ್ಲಿಂದ ನಮ್ಮ ಮೈಸೂರಿನ ಮನೆಗಳ ನಲ್ಲಿಗೆ. ಯಾವುದೋ ದೂರದ ಊರಿನಲ್ಲಿ, ನಮ್ಮ ಹೆಸರೂ ಗೊತ್ತಿಲ್ಲದ ಒಬ್ಬ ಗಿರಾಕಿ ಅಂಗಡಿಯವನನ್ನು ಬಿಡದೆ ಪೀಡಿಸಿದ ಫಲವಾಗಿ, ಇಲ್ಲಿ ನಿಮ್ಮ ಮಗು ಕುಡಿಯುವ ನೀರು ಸ್ವಲ್ಪ ಶುದ್ಧವಾಗಿದ್ದರೂ ಇರಬಹುದು. ಈ ಸರಪಳಿಯಲ್ಲಿ ಪುಣ್ಯ ಯಾರದೆಂದು ಲೆಕ್ಕ ಹಾಕುವುದು ಕಷ್ಟ.

ನಮ್ಮ ದೇಶದಲ್ಲೂ ಕೇಳುವವರು ಹುಟ್ಟಿಕೊಂಡಿದ್ದಾರೆ. ಷೇರುಪೇಟೆಯ ಮೇಲ್ವಿಚಾರಣೆ ನಡೆಸುವ ಸೆಬಿ 2021ರಲ್ಲಿ ಹೊರಡಿಸಿದ ಆದೇಶದ ಪ್ರಕಾರ, 2022–23ರಿಂದ ದೇಶದ ಮೊದಲ 1000 ದೊಡ್ಡ ಷೇರು ಕಂಪನಿಗಳು ಪ್ರತಿ ವರ್ಷ ಒಂದು ವರದಿ ಕೊಡಬೇಕು. ನಿಮ್ಮಲ್ಲಿ ಸುಸ್ಥಿರ ಖರೀದಿಯ ಪದ್ಧತಿ ಇದೆಯೇ, ಇದ್ದರೆ ಕೊಳ್ಳುವ ಸಾಮಗ್ರಿಯಲ್ಲಿ ಶೇಕಡಾ ಎಷ್ಟು ಹಾಗೆ ಕೊಂಡದ್ದು ಎಂಬ ಪ್ರಶ್ನೆಯೂ ಅದರಲ್ಲಿದೆ. ಕೊಂಡೇ ತೀರಬೇಕೆಂದು ಸೆಬಿ ಹೇಳಿಲ್ಲ, ಕೇಳಿದೆ ಅಷ್ಟೇ. ಆದರೆ ಎಲ್ಲರೆದುರು ‘ಇಲ್ಲ’ ಎಂದು ಬರೆಯಲು ಯಾರಿಗೆ ಇಷ್ಟ? ನಾಚಿಕೆಯೂ ಒಂದು ಒತ್ತಾಯವೇ.

ಇಲ್ಲಿ ಸಂತ ಪೌಲರ ಮಾತು ನೆನಪಿಗೆ ಬರುತ್ತದೆ. ಕೊರಿಂಥದ ಮಾರುಕಟ್ಟೆಯಲ್ಲಿ ಮಾರುವ ಮಾಂಸದಲ್ಲಿ ವಿಗ್ರಹಕ್ಕೆ ಅರ್ಪಿಸಿದ್ದೂ ಬೆರೆತಿರುತ್ತಿತ್ತು. ಮನಸ್ಸಾಕ್ಷಿಯ ಹೆಸರಿನಲ್ಲಿ ಪ್ರಶ್ನೆ ಮಾಡುತ್ತಾ ಕೂರಬೇಡಿ, ಮಾರುವುದನ್ನು ಕೊಂಡು ತಿನ್ನಿ ಎಂದು ಪೌಲರು ಮೊದಲ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಬರೆಯುತ್ತಾರೆ. ನಮ್ಮ ಪಾಲನಾ ಸಮಿತಿಯ ಒಬ್ಬರು ಇದೇ ವಾಕ್ಯವನ್ನು ನನಗೆ ತೋರಿಸಿ, “ನೋಡಿ ಫಾದರ್, ಪೌಲರೇ ಕೇಳಬೇಡಿ ಅಂದಿದ್ದಾರೆ” ಎಂದು ನಗುತ್ತಾ ಹೇಳಿದ್ದರು. ಆದರೆ ಮುಂದಿನ ವಾಕ್ಯಗಳನ್ನೂ ಓದಬೇಕು. ಯಾರಾದರೂ ಬಂದು, ಇದು ಅರ್ಪಿಸಿದ್ದು ಎಂದು ತಿಳಿಸಿದರೆ ಆಗ ತಿನ್ನಬೇಡಿ, ತಿಳಿಸಿದವನ ಮನಸ್ಸಾಕ್ಷಿಗಾಗಿ ಬಿಡಿ ಎನ್ನುತ್ತಾರೆ. ಗೊತ್ತಿಲ್ಲದವನ ಖರೀದಿ ಬೇರೆ, ಗೊತ್ತಾದವನ ಖರೀದಿ ಬೇರೆ. ನಮಗೆ ತಿಳಿಸುವವರು ಬಂದಾಗ ಪಕ್ಕದ ಬಾಗಿಲಿನಿಂದ ಹೋಗುವವರ ಬಗ್ಗೆ ಪೌಲರು ಏನೂ ಬರೆದಿಲ್ಲ. ಬರೆಯುವ ಅಗತ್ಯ ಕಂಡಿರಲಿಕ್ಕಿಲ್ಲ.

ಈಗ ಖಜಾಂಚಿಯವರ ಪರವಾಗಿಯೂ ಮಾತಾಡಬೇಕು. ಅವರನ್ನು ಜಿಪುಣರೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಅವರ ಕೈಯಲ್ಲಿರುವುದು ಅವರ ದುಡ್ಡಲ್ಲ, ಕಾಣಿಕೆ ಡಬ್ಬಿಯ ದುಡ್ಡು. ಅದರಲ್ಲಿ ಕೂಲಿ ಮಾಡುವವರ ಹತ್ತು ರೂಪಾಯಿಯೂ ಸೇರಿದೆ. ಒಂದು ಶಾಲೆ ದುಬಾರಿಯ ಕಾಗದ, ದುಬಾರಿಯ ಬೆಂಚು ಕೊಂಡರೆ ಆ ಹೊರೆ ಕೊನೆಗೆ ಬರುವುದು ಫೀಸು ಕಟ್ಟಲು ಒದ್ದಾಡುವ ತಂದೆತಾಯಿಯ ಮೇಲೆ. ಪರರ ಹಣವನ್ನು ಮಿತವಾಗಿ ಖರ್ಚು ಮಾಡುವುದೂ ಧರ್ಮವೇ.

ಕಡಿಮೆ ದರದ ನಿಯಮ ಹುಟ್ಟಿದ್ದಕ್ಕೆ ಇನ್ನೂ ಒಂದು ಕಾರಣವಿದೆ. ನಮ್ಮ ರಾಜ್ಯದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಅಂದರೆ ಸರ್ಕಾರಿ ಕಚೇರಿಗಳಲ್ಲಿ ಕೆಟಿಪಿಪಿ ಕಾಯ್ದೆ ಎಂದು ಕರೆಯುವ ಕಾನೂನು, ಬಹಿರಂಗ ಟೆಂಡರನ್ನು ಕಡ್ಡಾಯ ಮಾಡಿತು. ಅದಿಲ್ಲದಿದ್ದಾಗ ಗುತ್ತಿಗೆ ಯಾರಿಗೆ ಹೋಗುತ್ತಿತ್ತೆಂದು ನಿಮ್ಮಲ್ಲಿ ಹಿರಿಯರಿಗೆ ಹೇಳಬೇಕಾಗಿಲ್ಲ. ‘ಒಳ್ಳೆಯ ಉದ್ದೇಶಕ್ಕಾಗಿ ಸ್ವಲ್ಪ ಹೆಚ್ಚು ಕೊಟ್ಟೆವು’ ಎಂಬ ಮಾತಿನ ಹಿಂದೆ ಭಾವಮೈದುನನ ಅಂಗಡಿ ಅಡಗಿರಬಹುದು. ಹಸಿರು ಎಂಬ ಹೆಸರಿನ ಹಿಂದೆಯೂ ಅಡಗಿರಬಹುದು. ಚಹಾ ಕುಡಿಯುವ ಪೇಪರ್ ಲೋಟದ ಒಳಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ, ಆದ್ದರಿಂದಲೇ ಅದು ಬೇಗ ನೆನೆಯುವುದಿಲ್ಲ. ಅದನ್ನು ಕೊಂಡು ಎಷ್ಟು ಸಂಸ್ಥೆಗಳು ಪರಿಸರವನ್ನು ಉಳಿಸಿದೆವೆಂದು ನೆಮ್ಮದಿಯಾಗಿ ಚಹಾ ಕುಡಿದಿಲ್ಲ!

ಆದರೆ ಕಡಿಮೆ ದರ ಎಂಬುದು ಕಲ್ಲಿನ ಮೇಲೆ ಕೊರೆದ ಶಾಸನವೇನಲ್ಲ. ಅದೇ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂದು, 50 ಲಕ್ಷ ರೂಪಾಯಿಯವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇಕಡಾ 17.15, ಪರಿಶಿಷ್ಟ ಪಂಗಡದವರಿಗೆ ಶೇಕಡಾ 6.95 ಮೀಸಲಿಡಲಾಯಿತು. ಯಾರಿಂದ ಕೊಳ್ಳುತ್ತೇವೆ ಎಂಬುದೂ ನ್ಯಾಯದ ಪ್ರಶ್ನೆ ಎಂದು ಕಾನೂನೇ ಒಪ್ಪಿಕೊಂಡಂತಾಯಿತು. ಇನ್ನು ತಟ್ಟೆಯ ವಿಷಯಕ್ಕೆ ಬಂದರೆ, ಕೊಟೇಶನ್ನಿನಲ್ಲಿರುವ ಬೆಲೆ ಪೂರ್ತಿ ಬೆಲೆಯಲ್ಲ. ಸೋಮವಾರದ ಬೆಲೆ ಅದರಲ್ಲಿ ಇರುವುದಿಲ್ಲ. ಅದನ್ನು ಪೌರಕಾರ್ಮಿಕರ ಬೆನ್ನು ಕೊಡುತ್ತದೆ, ನಮ್ಮ ವಿದ್ಯಾರಣ್ಯಪುರದ ಸೂಯೆಜ್ ಫಾರಂನಲ್ಲಿ ವರ್ಷಗಟ್ಟಲೆ ಬೆಳೆದ ಕಸದ ರಾಶಿಯ ಸುತ್ತ ಮನೆ ಮಾಡಿಕೊಂಡವರ ಮೂಗು ಕೊಡುತ್ತದೆ. 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆಂದು ಮೈಸೂರಿಗೆ ಮೊದಲ ಸ್ಥಾನ ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯನ್ನು ಗುಡಿಸಿ ಕೊಟ್ಟವರು ಯಾರೆಂದು ನಿಮಗೆ ಗೊತ್ತು.

ಹಾಗಾದರೆ ಒತ್ತಾಯವೊಂದಿದ್ದರೆ ಸಾಕೇ? ಕಾನೂನು ಮಾಡಿ, ದಂಡ ಹಾಕಿ, ಗಿರಾಕಿಗಳು ಪೀಡಿಸಿ ಸಂಸ್ಥೆಗಳನ್ನು ದಾರಿಗೆ ತಂದರೆ ಮುಗಿಯಿತೇ? ಸಂತ ಥಾಮಸ್ ಅಕ್ವೀನಾಸರು ಮನುಷ್ಯರು ಮಾಡುವ ಕಾನೂನಿನ ಪ್ರಯೋಜನವನ್ನು ಹೇಳುವಾಗ, ಕೆಲವರನ್ನು ಮೊದಲು ಭಯದಿಂದಲೇ ತಡೆಯಬೇಕಾಗುತ್ತದೆ, ಆಮೇಲೆ ರೂಢಿಯಾಗಿ ಅವರು ಅದನ್ನೇ ಇಷ್ಟಪಟ್ಟು ಮಾಡತೊಡಗುತ್ತಾರೆ ಎಂಬ ಅರ್ಥದ ಮಾತಾಡುತ್ತಾರೆ. ಮನುಷ್ಯನ ವಿಷಯದಲ್ಲಿ ಇದು ಸತ್ಯ. ಸಂಸ್ಥೆಯ ವಿಷಯದಲ್ಲಿ ನನಗೆ ಅನುಮಾನ. ರೂಢಿ ಇರುವುದು ಮನುಷ್ಯರಲ್ಲಿ. ಸಂಸ್ಥೆಯ ಮನುಷ್ಯರು ವರ್ಗವಾಗಿ ಹೋಗುತ್ತಾರೆ, ನಿವೃತ್ತರಾಗುತ್ತಾರೆ. ಹೊಸಬರು ಬಂದು ಫೈಲು ತೆರೆದಾಗ ಅಲ್ಲಿ ಕಾಣುವುದು ನಿಯಮ ಮಾತ್ರ. ನಿಯಮ ಬದಲಾದರೆ?

ನಿಯಮ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ನೋವಿನ ಸಾಕ್ಷಿ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಎಂಬ ಸಂಸ್ಥೆ ಇದೆ. 1957ರಲ್ಲಿ ಸ್ಥಾಪನೆಯಾದದ್ದು. ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಪಡೆದ ಖಾದಿ ರಾಷ್ಟ್ರಧ್ವಜ ತಯಾರಾಗುವ ಹೆಸರಾಂತ ಜಾಗ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂಥ ಹಳ್ಳಿಗಳಲ್ಲಿ ನೂತು ನೇಯ್ದ ಬಟ್ಟೆ ಬೆಂಗೇರಿಗೆ ಬಂದು, ಬಣ್ಣ ಹೊಂದಿ, ಅಳತೆಗೆ ಕತ್ತರಿಸಿ, ಹೊಲಿಗೆಯಾಗಿ, ಚಕ್ರದ ಅಚ್ಚು ಬಿದ್ದು ಧ್ವಜವಾಗುತ್ತದೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಒಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯವಾದೀತು: ನಮ್ಮ ದೇಶದ ಮಾನಕಗಳ ಪಟ್ಟಿಯಲ್ಲಿ ಒಂದನೇ ಸಂಖ್ಯೆಯ ಮಾನಕ ರಾಷ್ಟ್ರಧ್ವಜದ್ದೇ. ನೂಲು ಹೇಗಿರಬೇಕು, ಬಣ್ಣ ಎಷ್ಟು ಗಟ್ಟಿ ಇರಬೇಕು, ಅಳತೆ ಎಷ್ಟು ಎಂದೆಲ್ಲ ಅದರಲ್ಲಿ ಬರೆದಿದೆ. ಬಲಿಪೂಜೆಯ ದ್ರಾಕ್ಷಾರಸಕ್ಕೆ ಶ್ರೀಸಭೆ ನಿಯಮ ಬರೆದಂತೆಯೇ ದೇಶ ತನ್ನ ಧ್ವಜಕ್ಕೆ ಬರೆದುಕೊಂಡಿತ್ತು. ಕೈಯಲ್ಲಿ ನೂತು ಕೈಯಲ್ಲಿ ನೇಯ್ದದ್ದೇ ಆಗಬೇಕು ಎಂದು ಧ್ವಜ ಸಂಹಿತೆಯೂ ಹೇಳುತ್ತಿತ್ತು. ಆದ್ದರಿಂದ ಕಚೇರಿ, ಶಾಲೆ, ಬ್ಯಾಂಕುಗಳು ಖಾದಿ ಧ್ವಜ ಕೊಳ್ಳುತ್ತಿದ್ದವು. ಆ ಖರೀದಿಯಿಂದ ಹಳ್ಳಿಯ ಮಗ್ಗಗಳು ನಡೆಯುತ್ತಿದ್ದವು.

2021ರ ಡಿಸೆಂಬರ್ 30ರಂದು ಸಂಹಿತೆಗೆ ತಿದ್ದುಪಡಿಯಾಯಿತು. ಯಂತ್ರದಿಂದ ಮಾಡಿದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ಸಿಕ್ಕಿತು. ಖಾದಿಯನ್ನು ಯಾರೂ ನಿಷೇಧಿಸಲಿಲ್ಲ, ಕೊಳ್ಳಬೇಕೆನ್ನುವವರು ಧಾರಾಳವಾಗಿ ಕೊಳ್ಳಬಹುದಿತ್ತು. 2022ರ ಆಗಸ್ಟಿನಲ್ಲಿ ಸ್ವಾತಂತ್ರ್ಯದ ಅಮೃತ ಮಹೋತ್ಸವಕ್ಕೆ ಮನೆಮನೆಯಲ್ಲೂ ತ್ರಿವರ್ಣ ಹಾರಿಸುವ ಅಭಿಯಾನ ನಡೆಯಿತು. ದೇಶದಲ್ಲಿ ಧ್ವಜದ ಬೇಡಿಕೆ ಹಿಂದೆಂದೂ ಇಲ್ಲದಷ್ಟು ಏರಿದ ಅದೇ ಸಮಯದಲ್ಲಿ ಬೆಂಗೇರಿಯ ಖಾದಿ ಧ್ವಜದ ಬೇಡಿಕೆ ಇಳಿಯಿತು. ಅಲ್ಲಿನ ಕೆಲಸಗಾರರು ಪ್ರತಿಭಟನೆಗೆ ಕುಳಿತರು.

ಎಲ್ಲರ ಮನೆಗೂ ಧ್ವಜ ತಲುಪಬೇಕಾದರೆ ಅಗ್ಗದ ಬಟ್ಟೆ ಬೇಕಲ್ಲವೇ ಎಂದು ನೀವು ಕೇಳಬಹುದು. ಬಡವರ ಮನೆಯ ಮಟ್ಟಿಗೆ ಅದು ಸರಿಯಾದ ಪ್ರಶ್ನೆ. ನನ್ನನ್ನು ಕಾಡುವುದು ಬೇರೆ. ಅಷ್ಟು ವರ್ಷ ಖಾದಿ ಧ್ವಜ ಕೊಂಡ ಸಂಸ್ಥೆಗಳಲ್ಲಿ ಎಷ್ಟು ಸಂಸ್ಥೆಗಳು, ನಿಯಮ ಸಡಿಲವಾದ ಮೇಲೂ, “ನಾವು ಅದನ್ನೇ ಕೊಳ್ಳುತ್ತೇವೆ” ಎಂದವು? ಪ್ರತಿ ಆಗಸ್ಟಿನಲ್ಲಿ ಗಾಂಧೀಜಿಯ ಹೆಸರು ಹೇಳಿ ಭಾಷಣ ಮಾಡಿದ ಎಷ್ಟು ಕಡೆ, ಆ ಬಟ್ಟೆ ಯಾರ ಕೈಯಿಂದ ಬರುತ್ತಿತ್ತೆಂದು ಸ್ಟೋರ್ಸಿನವರಿಗೆ ಗೊತ್ತಿತ್ತು? ನಿಯಮ ಅವರಿಂದ ಕೊಳ್ಳಿಸಿತ್ತು, ಆದರೆ ಏಕೆ ಕೊಳ್ಳುತ್ತಿದ್ದೇವೆಂದು ಯಾರೂ ಅವರಿಗೆ ಹೇಳಿರಲಿಲ್ಲ. ವಿಧವೆ ಊರು ಬಿಟ್ಟು ಹೋದ ಮರುದಿನ ಆ ನ್ಯಾಯಾಧೀಶ ಏನು ಮಾಡಿರಬಹುದು? ಸಾಮತಿ ಅಲ್ಲಿಯವರೆಗೆ ಹೋಗುವುದಿಲ್ಲ.

2016ರ ಮಾರ್ಚ್ 11ರಂದು ನಮ್ಮ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ, ಫ್ಲೆಕ್ಸು, ಬ್ಯಾನರು, ತಟ್ಟೆ, ಲೋಟ, ಚಮಚ, ಥರ್ಮೋಕೋಲು ಎಲ್ಲವನ್ನೂ ನಿಷೇಧಿಸಿದಾಗಲೂ ಹೀಗೇ ಆಯಿತು. ಅಧಿಕಾರಿಗಳ ದಾಳಿ ನಡೆದಷ್ಟು ದಿನ ಬಟ್ಟೆಯ ಚೀಲ ಕಂಡಿತು. ಆಮೇಲೆ ದೇವರಾಜ ಮಾರುಕಟ್ಟೆಯ ಬೀದಿಯಲ್ಲಿ ನಡೆದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ನಮ್ಮ ಹಬ್ಬಗಳ ಫ್ಲೆಕ್ಸುಗಳಲ್ಲಿ ಸಂತರ ಮುಖಕ್ಕಿಂತ ದಾನಿಗಳ ಮುಖ ದೊಡ್ಡದಾಗಿರುವುದು ಇನ್ನೊಂದು ಕಥೆ, ಅದನ್ನು ಮತ್ತೊಮ್ಮೆ ನೋಡೋಣ.

ಮೈಸೂರಿನಿಂದ ನಂಜನಗೂಡು ದಾಟಿ ಚಾಮರಾಜನಗರದ ಕಡೆ ಹೋದರೆ ಬದನವಾಳು ಸಿಗುತ್ತದೆ. ಸ್ವಾತಂತ್ರ್ಯಪೂರ್ವದಲ್ಲಿ ಹೆಸರಾದ ಖಾದಿ ಕೇಂದ್ರ, ಗಾಂಧೀಜಿ ಬಂದು ಹೋದ ಜಾಗ. ಕಾಲಾಂತರದಲ್ಲಿ ಅದರ ಕಟ್ಟಡಗಳು ಪಾಳು ಬಿದ್ದವು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಲು ಆರಿಸಿಕೊಂಡದ್ದು ಆ ಪಾಳು ಕಟ್ಟಡಗಳ ಊರನ್ನೇ. ಕೈಯಿಂದ ಮಾಡಿದ್ದನ್ನು ಕೊಳ್ಳಿ ಎಂದು ಅವರು ಜನರನ್ನು ಕೇಳಿಕೊಂಡರು. ನಮ್ಮ ಶಾಲೆಗಳ ಸಮವಸ್ತ್ರ, ನಮ್ಮ ಆಸ್ಪತ್ರೆಗಳ ಹೊದಿಕೆ, ನಮ್ಮ ಪೂಜಾವಸ್ತ್ರ ಎಲ್ಲಿಂದ ಬರುತ್ತವೆ ಎಂದು ಆಗ ನಮ್ಮಲ್ಲಿ ಚರ್ಚೆಯಾದದ್ದು ನನಗೆ ನೆನಪಿಲ್ಲ. ಅದೇ ವರ್ಷ ವಿಶ್ವಗುರು ಫ್ರಾನ್ಸಿಸರ ‘ಲೌದಾತೊ ಸಿ’ ವಿಶ್ವಪತ್ರ ಹೊರಬಂದಿತ್ತು. ಕೊಳ್ಳುವುದು ಬರೀ ಹಣದ ವ್ಯವಹಾರವಲ್ಲ, ಯಾವಾಗಲೂ ನೈತಿಕ ಕ್ರಿಯೆ ಎಂದು 2009ರಲ್ಲೇ ವಿಶ್ವಗುರು ಬೆನೆಡಿಕ್ಟರು ಬರೆದದ್ದನ್ನು ಫ್ರಾನ್ಸಿಸರು ಅದರಲ್ಲಿ ಮತ್ತೆ ನೆನಪಿಸಿದ್ದರು. ಅದರ ಮೇಲೆ ನಾವು ವಿಚಾರಗೋಷ್ಠಿ ಮಾಡಿದೆವು. ಗೋಷ್ಠಿಯಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿ ಹಂಚಿದೆವು.

ಹಾಗಾದರೆ ಒತ್ತಾಯ ಇಲ್ಲವಾದ ಮೇಲೂ ಉಳಿಯುವ ಖರೀದಿ ಎಲ್ಲಾದರೂ ಉಂಟೇ? ಅಮೆರಿಕದ ಮಿನೆಟ್ ಡ್ರಮ್‌ರೈಟ್ ಎಂಬ ವಿದ್ವಾಂಸೆ 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪರಿಸರದ ಕಾಳಜಿಯಿಂದ ಖರೀದಿ ಮಾಡುವ ಕಂಪನಿಗಳ ಒಳಹೊಕ್ಕು ನೋಡಿದರು. ಹಲವು ಕಡೆ ಅವರಿಗೆ ಕಂಡದ್ದು ಒಬ್ಬ ವ್ಯಕ್ತಿ. ಯಾವಾಗಲೂ ದೊಡ್ಡ ಹುದ್ದೆಯವರೇನಲ್ಲ. ಇದು ಸರಿಯಾಗಬೇಕು ಎಂದು ಮನಸ್ಸಿಗೆ ಹಚ್ಚಿಕೊಂಡು, ಮೇಲಿನವರಿಗೆ ಅವರ ಭಾಷೆಯಲ್ಲಿ, ಅಂದರೆ ಉಳಿತಾಯದ ಮತ್ತು ಹೆಸರಿನ ಭಾಷೆಯಲ್ಲಿ ವಿವರಿಸಿ, ವರ್ಷಗಟ್ಟಲೆ ಬಿಡದೆ ಹಿಂದೆ ಬಿದ್ದ ಒಬ್ಬರು. ಅಂದರೆ ವಿಧವೆ ಬಾಗಿಲ ಹೊರಗೆ ಮಾತ್ರ ಇರಬೇಕಾಗಿಲ್ಲ. ಕಚೇರಿಯ ಒಳಗಿನ ಮೇಜಿನ ಹಿಂದೆಯೂ ಕೂತಿರಬಹುದು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಅಂಥ ಮೇಜಿನ ಹಿಂದೆ ಕೂರುವವರು ಇದ್ದೀರಿ. ಹೆಬ್ಬಾಳದ ಅಥವಾ ನಂಜನಗೂಡಿನ ಯಾವುದೋ ಕಾರ್ಖಾನೆಯ ಸ್ಟೋರ್ಸಿನಲ್ಲಿ ಇಂಡೆಂಟು ಬರೆಯುವವರು, ಶಾಲೆಯ ಆಫೀಸಿನಲ್ಲಿ ಕಾಗದ ತರಿಸುವವರು, ಆಸ್ಪತ್ರೆಯ ಅಡುಗೆಮನೆಗೆ ತರಕಾರಿ ಗೊತ್ತು ಮಾಡುವ ಧರ್ಮಭಗಿನಿಯರು. ನಿಮಗೆ ಅಧಿಕಾರವಿಲ್ಲ ಎನ್ನುತ್ತೀರಿ. ಕೊಟೇಶನ್ ಕರೆಯುವ ಕಾಗದದಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯಲು ಎಷ್ಟು ಅಧಿಕಾರ ಬೇಕು? “ಲೇಪ ಯಾವುದರದು, ತಿಳಿಸಿ” ಎಂಬ ಒಂದು ಸಾಲು. ನಾನು ಆ ವರ್ಷ ಬರೆಯದೇ ಬಿಟ್ಟದ್ದು ಅದನ್ನೇ.

ನಮ್ಮಲ್ಲಿ ಮುಂದೇನಾಯಿತು ಎಂದು ಕೇಳುವಿರಿ. ಅಡಿಕೆ ತಟ್ಟೆ ಬಂದ ಮರುವರ್ಷ ಪಾಲನಾ ಸಮಿತಿಯ ನಡವಳಿ ಪುಸ್ತಕದಲ್ಲಿ ಠರಾವು ಬರೆದೆವು: ಹಬ್ಬದ ಊಟಕ್ಕೆ ಎಲೆ ಅಥವಾ ಹಾಳೆಯ ತಟ್ಟೆಯೇ ಆಗಬೇಕು, ಕುಡಿಯಲು ಸ್ಟೀಲ್ ಲೋಟ, ತೊಳೆಯುವ ಕೂಲಿಯನ್ನು ಹಬ್ಬದ ಖರ್ಚಿನಲ್ಲೇ ಸೇರಿಸಬೇಕು. ಖಜಾಂಚಿಯವರು ಒಂದು ಷರತ್ತು ಹಾಕಿದರು: ಆ ತಟ್ಟೆಗೂ ಮೂರು ಕೊಟೇಶನ್ ಬರಬೇಕು. ಅವರ ಮಾತು ಸರಿ. ಠರಾವಿನ ಕೆಳಗೆ ಕಾರಣವನ್ನೂ ಬರೆಯಿರಿ ಎಂದು ನಾನು ಹೇಳಿದೆ. ಕಾರ್ಯದರ್ಶಿಯವರು ‘ಪರಿಸರ ಸಂರಕ್ಷಣೆಗಾಗಿ’ ಎಂದು ಬರೆದರು. ನಾನು ಅದನ್ನು ಹೊಡೆದುಹಾಕಿಸಿ, ‘ಸೋಮವಾರ ಗುಡಿಸುವವರಿಗಾಗಿ’ ಎಂದು ಬರೆಸಿದೆ. ಪರಿಸರ ಎಂದರೆ ಮುಂದೆ ಬರುವವರಿಗೆ ಯಾರ ಮುಖವೂ ಕಾಣುವುದಿಲ್ಲ.

ಈ ವರ್ಷದ ಹಬ್ಬ ಹತ್ತಿರ ಬರುತ್ತಿದೆ. ಹಾಳೆ ತಟ್ಟೆಯ ದರ ಏರಿದೆ. ಸಮಿತಿಯಲ್ಲಿ ಅರ್ಧದಷ್ಟು ಜನ ಹೊಸಬರು, ಖಜಾಂಚಿಯೂ ಹೊಸಬರು. “ಫಾದರ್, ಠರಾವನ್ನು ಒಂದು ವರ್ಷದ ಮಟ್ಟಿಗೆ ಸಡಿಲ ಮಾಡಬಹುದಲ್ಲವೇ?” ಎಂದು ಒಬ್ಬರು ಆಗಲೇ ಕೇಳಿದ್ದಾರೆ. ಆ ತಾಯಿ ಮಗಳ ಬಾಣಂತನಕ್ಕೆಂದು ಕೊಳ್ಳೇಗಾಲದ ಕಡೆ ಹೋಗಿದ್ದಾರೆ, ಹಬ್ಬ ಕಳೆದ ಮೇಲೆ ಬರುವುದಂತೆ. ಬಾಗಿಲ ಬಳಿ ಯಾರೂ ನಿಂತಿಲ್ಲ. ಸಭೆ ಬರುವ ಗುರುವಾರ ಸಂಜೆ ಆರಕ್ಕೆ.